ಟೊಮೆಟೊ ಕ್ರೇಟಿನಲ್ಲಿ ಬೆಕ್ಕು: ಕಾಯಿಲೆ ಬೀಳೋ ಮೊದಲೇ ಮಾಡಬೇಕಾದ್ದು

ಬೆಕ್ಕಿಗೆ ಹುಷಾರಿಲ್ಲ ಅಂದರೆ ಅದು ಹೇಳಲ್ಲ. ನಾಯಿ ಕುಂಯ್‌ಗುಟ್ಟುತ್ತೆ, ಹಸು ಮೇವು ಬಿಡುತ್ತೆ, ಬೆಕ್ಕು ಮಾತ್ರ ಮಂಚದ ಕೆಳಗೆ ಸೇರಿ ಸುಮ್ನೆ ಕೂತುಬಿಡುತ್ತೆ. ಮಲಗಿದೆ ಬಿಡು ಅಂತ ನಾವೂ ಸುಮ್ಮನಾಗುತ್ತೇವೆ. ಅದಕ್ಕೇ ವರ್ಷಕ್ಕೊಮ್ಮೆ ಡಾಕ್ಟರಿಗೆ ತೋರಿಸಿ, ಹತ್ತು ವರ್ಷ ದಾಟಿದ್ದರೆ ಆರು ತಿಂಗಳಿಗೊಮ್ಮೆ. ಮಿಕ್ಕ ದಿನಗಳಲ್ಲಿ ತೂಕ ನೋಡಿ.

ಕರೆದೊಯ್ಯೋಕೆ ದುಬಾರಿ ಪೆಟ್ಟಿಗೆ ಬೇಕಾಗಿಲ್ಲ. ಕೋಲಾರದಲ್ಲಿ ಟೊಮೆಟೊ ಕ್ರೇಟಿಗೆ ಬರವೇ? ಎರಡು ತಗೊಂಡು ಸೋಪು ಹಾಕಿ ಚೆನ್ನಾಗಿ ಉಜ್ಜಿ ತೊಳೆಯಿರಿ, ಔಷಧಿ ಹೊಡೆದ ಹಣ್ಣು ತುಂಬಿದ್ದ ಕ್ರೇಟು ಅದು. ಬಾಯಿಗೆ ಬಾಯಿ ಕೂಡಿಸಿ ಒಂದು ಉದ್ದ ಬದಿಯನ್ನು ಹಗ್ಗದಿಂದ ಹೊಲಿದ ಹಾಗೆ ಬಿಗಿಯಿರಿ. ಅದೇ ಕೀಲು. ಎದುರು ಬದಿಗೆ ಬಿಚ್ಚಿ ಕಟ್ಟುವ ಎರಡು ಗಂಟು ಸಾಕು. ಒಳಗೆ ಹಳೇ ಸೀರೆ ಹಾಸಿ, ಆಸ್ಪತ್ರೆಗೆ ಹೋಗೋಕೆ ಒಂದು ವಾರ ಮೊದಲೇ ಮೂಲೆಯಲ್ಲಿ ತೆರೆದಿಟ್ಟು ಅದರಲ್ಲೇ ಊಟ ಹಾಕಿ. ಹೊರಡೋ ಹೊತ್ತಿಗೆ ಹಿಡಿದು ತುರುಕಿದರೆ ನಿಮ್ಮ ಕೈಯೆಲ್ಲ ಗೀರು.

ಇದೇ ಕ್ರೇಟು ತೂಕಕ್ಕೂ ಆಗುತ್ತೆ. ಖಾಲಿ ಕ್ರೇಟಿನ ತೂಕ ಬರೆದಿಟ್ಟುಕೊಳ್ಳಿ, ತಿಂಗಳಿಗೊಮ್ಮೆ ಬೆಕ್ಕಿನ ಸಮೇತ ತೂಗಿ ಕಳೆಯಿರಿ. ನಾನು ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್‌ನಲ್ಲೇ ಬರೆಯುತ್ತೇನೆ. 4 ಕೆಜಿ ಇದ್ದದ್ದು 3.6 ಆದರೆ ಕಣ್ಣಿಗೆ ಗೊತ್ತಾಗಲ್ಲ, ಆದರೆ 60 ಕೆಜಿ ಮನುಷ್ಯ 6 ಕೆಜಿ ಇಳಿದ ಹಾಗೆ ಅದು. ವಯಸ್ಸಾದ ಬೆಕ್ಕಿನಲ್ಲಿ ಕಿಡ್ನಿ, ಥೈರಾಯ್ಡ್ ತೊಂದರೆ ಎಷ್ಟೋ ಸಲ ಹೀಗೇ ಮೊದಲು ಕಾಣೋದು. ನೀರು ಜಾಸ್ತಿ ಕುಡಿಯುತ್ತಿದೆ ಅನ್ನಿಸಿದರೆ ರಕ್ತ ಪರೀಕ್ಷೆ ಮಾಡಿಸಿ.

ಲಸಿಕೆ ಎರಡು. ಒಂದು ರೇಬಿಸ್, ನಮ್ಮ ಕಡೆ ವರ್ಷಕ್ಕೊಮ್ಮೆ ಹಾಕಿಸೋದು ರೂಢಿ. ಇನ್ನೊಂದು ಮೂರು ರೋಗಕ್ಕೆ ಸೇರಿಸಿ ಕೊಡುವಂಥದ್ದು: ಬೆಕ್ಕಿನ ಪಾರ್ವೊ ಅನ್ನುವ ವಾಂತಿ-ಭೇದಿ ರೋಗ, ಮತ್ತೆ ನೆಗಡಿ ತರುವ ಎರಡು ವೈರಸ್ಸು. ದೊಡ್ಡ ಬೆಕ್ಕಿಗೆ ಹಿಂದೆ ಹಾಕಿಸಿದ್ದು ಗೊತ್ತಿಲ್ಲದಿದ್ದರೆ ಮೂರು-ನಾಲ್ಕು ವಾರ ಬಿಟ್ಟು ಎರಡು ಡೋಸ್, ಒಂದು ವರ್ಷ ಆದ ಮೇಲೆ ಒಂದು ಬೂಸ್ಟರ್, ಆಮೇಲೆ ಎಷ್ಟು ವರ್ಷಕ್ಕೆ ಅಂತ ಡಾಕ್ಟರ್ ಹೇಳುತ್ತಾರೆ. ಹಸು ಎಮ್ಮೆ ಸಾಲು ನಿಂತಿರುವ ಆಸ್ಪತ್ರೆಯಲ್ಲಿ ಬೆಕ್ಕಿನ ಲಸಿಕೆ ಇಟ್ಟಿರಲೇಬೇಕು ಅಂತೇನಿಲ್ಲ, ಹೋಗೋ ಮುಂಚೆ ಫೋನ್ ಮಾಡಿ. ಮನೆ ಬಿಟ್ಟು ಹೊರಗೇ ಹೋಗಲ್ಲ ನಮ್ಮ ಬೆಕ್ಕು ಅನ್ನೋರಿಗೂ ಇದು ಬೇಕು, ವೈರಸ್ಸು ನಿಮ್ಮ ಚಪ್ಪಲಿಯಲ್ಲೇ ಒಳಗೆ ಬರುತ್ತೆ.

ಇಲಿ ಹಿಡಿಯೋ ಬೆಕ್ಕಾದರೆ ಮೂರು ತಿಂಗಳಿಗೊಮ್ಮೆ ಜಂತು ಮಾತ್ರೆ, ಅದೂ ತೂಕಕ್ಕೆ ತಕ್ಕ ಹಾಗೆ. ಬಾಲದ ಬುಡದಲ್ಲಿ ಒಣಗಿದ ಅಕ್ಕಿಕಾಳಿನಂಥದ್ದು ಅಂಟಿದ್ದರೆ ಲಾಡಿಹುಳ ಅಂತ ತಿಳಿಯಿರಿ. ಅದನ್ನು ಚಿಗಟವೂ ತರುತ್ತೆ, ಆದ್ದರಿಂದ ಎರಡಕ್ಕೂ ಒಟ್ಟಿಗೇ ಔಷಧಿ ಮಾಡಬೇಕು. ಮಾತ್ರೆ ನುಂಗಿಸೋದು ಮಾತ್ರ ಬೆಕ್ಕಿಗೆ ಗಂಟೆ ಕಟ್ಟಿದ ಹಾಗೆ. ಟವೆಲಲ್ಲಿ ಸುತ್ತಿ ಹಿಡಿಯಿರಿ, ನಾಲಿಗೆಯ ಹಿಂದಕ್ಕೆ ಹಾಕಿ, ಸ್ವಲ್ಪ ನೀರು ಕುಡಿಸಿ.

ಚಿಗಟದ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಒಂದು ಅಂಗಡಿಯವರು "ಇದೂ ಅದೇ ಔಷಧಿ, ಸ್ವಲ್ಪ ಕಮ್ಮಿ ಹಾಕಿ" ಅಂತ ನಾಯಿಯ ಕತ್ತಿಗೆ ಹಚ್ಚೋದನ್ನೇ ಕೊಟ್ಟರು, ನಾನೂ ನಂಬಿ ಬೆಕ್ಕಿಗೆ ಹಚ್ಚಿದೆ. ರಾತ್ರಿಯಷ್ಟೊತ್ತಿಗೆ ಕಿವಿ ಅದುರೋಕೆ ಶುರುವಾಯಿತು, ಆಮೇಲೆ ಮೈಯೆಲ್ಲ ನಡುಕ. ಅದರಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇತ್ತು. ನಾಯಿಗೆ ಆಗಿಬರುವ ಅದು ಬೆಕ್ಕಿಗೆ ವಿಷ. ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಟವೆಲಲ್ಲಿ ಸುತ್ತಿ ಡಾಕ್ಟರ ಹತ್ತಿರ ಓಡಿದ್ದಕ್ಕೆ ಉಳಿಯಿತು. ಡಬ್ಬಿಯ ಮೇಲೆ ಬೆಕ್ಕಿಗೆ ಅಂತಲೇ ಬರೆದಿಲ್ಲದಿದ್ದರೆ ಮುಟ್ಟಬೇಡಿ. ಪ್ಯಾರಾಸಿಟಮಾಲ್ ಕೂಡ ಹಾಗೇ, ಒಂದೇ ಮಾತ್ರೆ ಜೀವ ತೆಗೆಯಬಹುದು. ತೋಟಕ್ಕೆ ಔಷಧಿ ಹೊಡೆದು ಬಂದ ಕೈಯಲ್ಲಿ ಬೆಕ್ಕನ್ನು ಸವರಬೇಡಿ, ಅದು ಮೈ ನೆಕ್ಕಿಕೊಳ್ಳೋ ಪ್ರಾಣಿ ಅಲ್ವಾ. ಇಲಿ ಪಾಷಾಣವನ್ನಂತೂ ಬೆಕ್ಕಿರೋ ಮನೆಯಲ್ಲಿ ಇಡಲೇಬಾರದು.

ಮರಿ ಆಗದ ಹಾಗೆ ಮಾಡೋ ಆಪರೇಷನ್ ಇನ್ನೂ ಮಾಡಿಸಿಲ್ಲದಿದ್ದರೆ ಈಗಲೂ ಮಾಡಿಸಬಹುದು. ಹೆಣ್ಣಿಗೆ ಗರ್ಭಕೋಶದ ಕೀವು ತಪ್ಪುತ್ತೆ, ಗಂಡು ಊರೆಲ್ಲ ಸುತ್ತಿ ಜಗಳ ಮಾಡಿ ಹುಣ್ಣು ಮಾಡಿಕೊಂಡು ಬರೋದು ಕಮ್ಮಿಯಾಗುತ್ತೆ. ವಾರಕ್ಕೊಮ್ಮೆ ತುಟಿ ಎತ್ತಿ ನೋಡಿ, ವಸಡು ಕೆಂಪಾಗಿ ಬಾಯಿ ನಾರುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಹಾಲು ಬೆಕ್ಕಿಗೆ ಅಮೃತ ಅನ್ನೋದು ಸುಮ್ನೆ ಮಾತು, ಎಷ್ಟೋ ದೊಡ್ಡ ಬೆಕ್ಕಿಗೆ ಅದು ಜೀರ್ಣವಾಗಲ್ಲ. ಹಾಲನ್ನದಲ್ಲೇ ಸಾಕಿದರೆ ಟಾರಿನ್ ಅನ್ನೋ ಪೋಷಕಾಂಶ ಸಿಗದೆ ಕಣ್ಣು, ಹೃದಯ ಎರಡೂ ಕೆಡುತ್ತೆ. ಮಾಂಸ, ಮೀನು ಅಥವಾ ಬೆಕ್ಕಿನ ಫುಡ್ಡೇ ಬೇಕು.

ಕೊನೆಗೆ ಒಂದು, ಗಂಡು ಬೆಕ್ಕಿರೋರು ಗಮನಿಸಿ. ಮತ್ತೆ ಮತ್ತೆ ಮೂತ್ರಕ್ಕೆ ಕೂತು ಮುಕ್ಕರಿಯುತ್ತಿದೆ, ಹನಿಯೂ ಬರುತ್ತಿಲ್ಲ ಅಂದರೆ ಮಲಬದ್ಧತೆ ಅಂತ ಹರಳೆಣ್ಣೆ ಕುಡಿಸಬೇಡಿ. ಮೂತ್ರನಾಳ ಕಟ್ಟಿಕೊಂಡಿರುತ್ತೆ, ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು. ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ನೋಡುವ ಡಾಕ್ಟರ್ ಊರಲ್ಲಿ ಸಿಗದಿದ್ದರೆ ಬೆಂಗಳೂರಿಗೇ ಹೊರಡಬೇಕು, ಸುಮಾರು 70 ಕಿಲೋಮೀಟರ್. ಅಲ್ಲಿ ರಾತ್ರಿ ತೆರೆದಿರೋ ಆಸ್ಪತ್ರೆಯ ನಂಬರ್ ಇವತ್ತೇ ಹುಡುಕಿ, ಅದೇ ಕ್ಯಾಲೆಂಡರ್‌ನ ಹಿಂಬದಿಗೆ ಬರೆದಿಡಿ.