ಸೊಳ್ಳೆ ಮರಿ ಬ್ಯಾಕ್ಟೀರಿಯಾ ಔಷಧಿಗೂ ಬಗ್ಗದಂತಾಗುವುದು ಹೇಗೆ?

ನಿಂತ ನೀರಿಗೆ ಬ್ಯಾಕ್ಟೀರಿಯಾದಿಂದ ಮಾಡಿದ ಪುಡಿ ಹಾಕಿದರೆ ಸೊಳ್ಳೆ ಮರಿಗಳು, ಅಂದರೆ ಲಾರ್ವಾಗಳು, ಸಾಯುತ್ತವೆ. ಅದೇ ಪುಡಿಯನ್ನು ಮತ್ತೆ ಮತ್ತೆ ಹಾಕಿದರೆ ಕೆಲವು ಕಡೆ ಕೆಲಸ ಮಾಡುವುದೇ ನಿಂತುಬಿಡುತ್ತದೆ. ‘ಮರಿಗಳಿಗೆ ಔಷಧಿ ಅಭ್ಯಾಸ ಆಗೋಯ್ತು’ ಅನ್ನುವವರಿದ್ದಾರೆ. ಅಭ್ಯಾಸ ಗಿಭ್ಯಾಸ ಏನೂ ಇಲ್ಲ. ನಡೆಯುವುದೇ ಬೇರೆ.

ಮೊದಲು ವಿಷ ಒಳಗೆ ಹೋಗುವ ದಾರಿ ನೋಡೋಣ. ಲಾರ್ವಾ ತಲೆಕೆಳಗಾಗಿ ತೇಲುತ್ತಾ, ಬಾಯಿಯ ಬ್ರಷ್‌ನಂಥ ಕೂದಲಿನಿಂದ ನೀರಿನ ಕಣಗಳನ್ನು ಗುಡಿಸಿ ನುಂಗುತ್ತದೆ. ಬ್ಯಾಕ್ಟೀರಿಯಾದ ಪ್ರೋಟೀನ್ ಹರಳೂ ಹಾಗೇ ಹೊಟ್ಟೆ ಸೇರುತ್ತದೆ. ಅಲ್ಲಿನ ಕ್ಷಾರದಲ್ಲಿ ಹರಳು ಕರಗಿ ವಿಷ ಹೊರಬರುತ್ತದೆ.

ಎರಡನೆಯದೇ ಮುಖ್ಯ ಹಂತ. ಇಂಥ ಪುಡಿ ಮಾಡುವ ಬ್ಯಾಕ್ಟೀರಿಯಾಗಳಲ್ಲಿ ಒಂದು ಲೈಸಿನಿಬ್ಯಾಸಿಲಸ್ ಸ್ಫೇರಿಕಸ್. ಅದರ ಮುಖ್ಯ ವಿಷಕ್ಕೆ ಎರಡು ಭಾಗ: ಬಿನ್-ಬಿ ಕರುಳಿನ ಗೋಡೆಯ ಒಂದು ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಬಿನ್-ಎ ಜೀವಕೋಶವನ್ನು ಕೊಲ್ಲುತ್ತದೆ. ಆ ಪ್ರೋಟೀನನ್ನು ಬೀಗ ಅಂದುಕೊಳ್ಳಿ. ಬೀಗವಿಲ್ಲದಿದ್ದರೆ ಕೀಲಿಗೆ ಏನು ಕೆಲಸ? ಬ್ರೆಜಿಲ್‌ನ ರೆಸಿಫೆಯ ಕ್ಯೂಲೆಕ್ಸ್ ಸೊಳ್ಳೆಗಳಲ್ಲಿ ಈ ಬೀಗ ಮಾಡುವ ಜೀನ್‌ನ 19 ಡಿಎನ್ಎ ಅಕ್ಷರ ಬಿಟ್ಟುಹೋಗಿರುವುದು ಸಿಕ್ಕಿತು. ಅಷ್ಟಕ್ಕೇ ಪ್ರೋಟೀನ್ ಅರ್ಧದಲ್ಲೇ ನಿಂತು, ಗೋಡೆಗೆ ಅಂಟಿಕೊಳ್ಳುವ ತುದಿ ಇಲ್ಲದಂತಾಗುತ್ತದೆ. ವಿಷ ಹೊಟ್ಟೆಯಲ್ಲೇ ಇರುತ್ತದೆ, ಹಿಡಿಯಲು ಮಾತ್ರ ಏನೂ ಇಲ್ಲ.

ಇಂಥ ಕೆಟ್ಟ ಜೀನ್ ಔಷಧಿಯಿಂದ ಹುಟ್ಟುವುದಿಲ್ಲ. ಮೊದಲೇ ಎಲ್ಲೋ ಒಂದೆರಡು ಸೊಳ್ಳೆಗಳಲ್ಲಿ ಇರುತ್ತದೆ. ಅಪ್ಪ ಅಮ್ಮ ಇಬ್ಬರಿಂದಲೂ ಈ ಜೀನ್ ಬಂದ ಮರಿಗೆ ಮಾತ್ರ ಇದರ ಲಾಭ. ಒಬ್ಬರಿಂದ ಬಂದರೆ ಮರಿ ಸಾಯುತ್ತದೆ. ಹೀಗಾಗಿ ಶುರುವಿನಲ್ಲಿ ಹರಡುವಿಕೆ ನಿಧಾನ. ಆದರೆ ಒಂದೇ ಔಷಧಿ ಪದೇ ಪದೇ ಬಿದ್ದು ಉಳಿದವರೆಲ್ಲ ಸತ್ತರೆ, ಬದುಕಿದವು ತಮ್ಮತಮ್ಮಲ್ಲೇ ಕೂಡುತ್ತವೆ. ಆಮೇಲೆ ಓಟ ಜಾಸ್ತಿ. ಕೊಚ್ಚಿ, ಫ್ರಾನ್ಸ್‌ಗಳಲ್ಲೂ ಸ್ಫೇರಿಕಸ್ ಹೀಗೇ ಸೋತಿದೆ.

ಇಂಥದ್ದೇ ಇನ್ನೊಂದು ಬ್ಯಾಕ್ಟೀರಿಯಾ ಬಿಟಿಐ (ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್). ಅದರ ಕಥೆ ಬೇರೆ. 1976ರಲ್ಲಿ ಇಸ್ರೇಲ್‌ನ ನೆಗೆವ್‌ನಲ್ಲಿ ಸಿಕ್ಕ ಈ ಬ್ಯಾಕ್ಟೀರಿಯಾದ ಹರಳಿನಲ್ಲಿ ನಾಲ್ಕು ಮುಖ್ಯ ವಿಷಗಳಿವೆ. ಅವುಗಳಲ್ಲಿ ಸೈಟ್-1ಎ ಎಂಬುದಕ್ಕೆ ಬೀಗವೇ ಬೇಡ. ನೇರ ಜೀವಕೋಶದ ಪೊರೆಯ ಕೊಬ್ಬಿಗೆ ಅಂಟಿ, ಉಳಿದವಕ್ಕೂ ಅಂಟಲು ಜಾಗ ಕೊಡುತ್ತದೆ. ನಾಲ್ಕನ್ನೂ ಒಟ್ಟಿಗೆ ತಪ್ಪಿಸಿಕೊಳ್ಳುವ ಮರಿ ಹುಟ್ಟುವುದು ಕಷ್ಟ ಅಲ್ವಾ? ಅದಕ್ಕೇ ಸ್ಫೇರಿಕಸ್ ಬಳಸುವವರು ಬಿಟಿಐ ಬೆರೆಸುವುದೋ, ಸರದಿಯಲ್ಲಿ ಹಾಕುವುದೋ ಒಳ್ಳೆಯದು. ಸ್ಫೇರಿಕಸ್‌ಗೆ ಬಗ್ಗದ ಮರಿಗಳೂ ಬಿಟಿಐಗೆ ಸಾಯುತ್ತವೆ.

ಮರಿ ಸಾಯಲಿಲ್ಲ ಅಂದಕೂಡಲೇ ಸುಮ್ನೆ ಪ್ರತಿರೋಧ ಅನ್ನಬೇಡಿ. ಪುಡಿ ಹಳೆಯದಿರಬಹುದು. ಮರಿ ಆಗಲೇ ಕೋಶಾವಸ್ಥೆಗೆ (ಪ್ಯೂಪಾ) ತಿರುಗಿದ್ದರಂತೂ ಅದು ಏನೂ ತಿನ್ನುವುದಿಲ್ಲ, ಹಾಗಾಗಿ ಸಾಯುವುದೂ ಇಲ್ಲ. ಎರಡು ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಈ ನೀರಿನ ಮರಿಗಳು, ಇನ್ನೊಂದರಲ್ಲಿ ಔಷಧಿ ಕಾಣದ ಕಡೆಯ ಅಷ್ಟೇ ದೊಡ್ಡ ಮರಿಗಳು. ಎರಡಕ್ಕೂ ಒಂದೇ ಅಳತೆ ಹಾಕಿ. ಬಿಟಿಐ ಆದರೆ 24 ಗಂಟೆಗೆ, ಸ್ಫೇರಿಕಸ್ ಆದರೆ 48 ಗಂಟೆಗೆ ಎಣಿಸಿ. ಎರಡರಲ್ಲೂ ಬದುಕಿದ್ದರೆ ತಪ್ಪು ಪುಡಿಯದ್ದು.