ಫೋನಿನ ಪಕ್ಕದ ನೋಟ್‌ಬುಕ್‌ನಿಂದ ಕಲಿತ ಎಸ್‌ಇಒ: ಇಂಟರ್ನ್ ಒಬ್ಬಳ ಅನುಭವ

ಚಿಕ್ಕಮಗಳೂರಿನ ಹೋಂಸ್ಟೇಗೆ ಗೂಗಲ್ ಹುಡುಕಾಟದಿಂದ ನೇರವಾಗಿ ಅತಿಥಿಗಳು ಬರುವುದಿಲ್ಲ, ಮೊದಲ ಪುಟವೆಲ್ಲ ದೊಡ್ಡ ಬುಕಿಂಗ್ ತಾಣಗಳ ಪಾಲಾಗಿದೆ ಎಂಬುದು ನಾನು ಇಂಟರ್ನ್ ಆಗಿ ಸೇರಿದ ಕಚೇರಿಯ ಗಟ್ಟಿ ನಂಬಿಕೆಯಾಗಿತ್ತು. ಮೂರು ಹೋಂಸ್ಟೇಗಳ ಪ್ರಚಾರ ನೋಡಿಕೊಳ್ಳುವ, ನಾಲ್ಕೇ ಜನರ ಕಚೇರಿ ಅದು. ನನಗೆ ತಿಂಗಳಿಗೆ 8,000 ರೂಪಾಯಿ ಸ್ಟೈಪೆಂಡ್. ಜುಲೈ ತಿಂಗಳ ಮಳೆಯಲ್ಲಿ ಸೇರಿದ ಮೊದಲ ದಿನವೇ ನಮ್ಮ ಸೀನಿಯರ್ ಒಬ್ಬರು, "ನೋಡಮ್ಮ, ನೀನು ರೀಲ್ಸ್ ಮಾಡಿಕೊಂಡಿರು, ಗೂಗಲ್ ತಂಟೆಗೆ ಹೋಗಬೇಡ" ಎಂದು ಬುದ್ಧಿ ಹೇಳಿದ್ದರು; ಆ ತಂಟೆಯೇ ಎಸ್‌ಇಒ, ಅಂದರೆ ಹುಡುಕಾಟದಲ್ಲಿ ನಮ್ಮ ಪುಟವನ್ನು ಮೇಲಕ್ಕೆ ತರುವ ಕೆಲಸ. ಅವರು ಈಗ ನನ್ನ ಕೀವರ್ಡ್ (ಜನ ಹುಡುಕುವ ಪದಗಳ) ಪಟ್ಟಿ ಕೇಳುತ್ತಿರುವುದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲ ಆರು ವಾರಗಳು ಸಂಪೂರ್ಣ ವ್ಯರ್ಥವಾದವು. ಊರಿನ ಹೆಸರಿನ ಜೊತೆ 'ಬೆಸ್ಟ್ ಹೋಂಸ್ಟೇ' ಎಂಬ ಕೀವರ್ಡನ್ನೇ ಗುರಿಯಾಗಿಟ್ಟುಕೊಂಡು, ಒಂದೊಂದೂ ಎರಡು ಸಾವಿರ ಪದಗಳಷ್ಟಿರುವ ಏಳೆಂಟು ಲೇಖನಗಳನ್ನು ಬರೆದೆ. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್, ಅದು ಕರ್ನಾಟಕದ ಅತಿ ಎತ್ತರದ ಶಿಖರ ಎಂದು ನನಗಿಂತ ಮೊದಲೇ ಬರೆದಿಟ್ಟ ಪುಟಗಳು ನೂರಾರಿದ್ದವು. ಅವುಗಳಲ್ಲಿ ಇಲ್ಲದ ಒಂದೇ ಒಂದು ಸಂಗತಿಯೂ ನನ್ನ ಲೇಖನಗಳಲ್ಲಿ ಇರಲಿಲ್ಲ. ಸೀನಿಯರ್ ಒತ್ತಾಯಕ್ಕೆ ಮಣಿದು ಮೆಟಾ ಕೀವರ್ಡ್ಸ್ ಎಂಬ, ಓದುಗರಿಗೆ ಕಾಣದ ಟ್ಯಾಗಿನ ಜಾಗದಲ್ಲಿ ನಲವತ್ತು ಪದಗಳನ್ನು ತುಂಬಿದ್ದೂ ಉಂಟು. ಆ ಟ್ಯಾಗನ್ನು ಶ್ರೇಯಾಂಕಕ್ಕೆ ಪರಿಗಣಿಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಹೇಳಿಬಿಟ್ಟಿದೆ ಎಂಬುದು ನನಗೆ ತಿಳಿದದ್ದು ಎರಡು ದಿನ ಹಾಳಾದ ಮೇಲೆ. ಆ ಅವಧಿಯಲ್ಲಿ, ಹುಡುಕಾಟದ ಲೆಕ್ಕ ಕೊಡುವ ಗೂಗಲ್‌ನ ಸರ್ಚ್ ಕನ್ಸೋಲ್ ತೋರಿಸಿದ್ದು ಸುಮಾರು ಮೂರು ಸಾವಿರ ಇಂಪ್ರೆಷನ್ (ಫಲಿತಾಂಶದಲ್ಲಿ ನಮ್ಮ ಪುಟ ಕಾಣಿಸಿಕೊಂಡ ಸಲ), ಒಂಬತ್ತು ಕ್ಲಿಕ್. ಆ ಒಂಬತ್ತರಲ್ಲಿ ನಾಲ್ಕೈದು ನನ್ನವೇ ಇರಬೇಕು.

ಅಷ್ಟರಲ್ಲಿ ಪರಿಚಯದವರೊಬ್ಬರ ಮಾತು ಕೇಳಿ ನನ್ನ ಕೈಯಿಂದಲೇ 6,000 ರೂಪಾಯಿ ಕೊಟ್ಟು ಇನ್ನೂರು ಬ್ಯಾಕ್‌ಲಿಂಕ್ (ಬೇರೆ ತಾಣಗಳಿಂದ ನಮ್ಮ ತಾಣಕ್ಕೆ ಕೊಡುವ ಕೊಂಡಿ) ಕೊಂಡೆ. ಬಂದ ಪಟ್ಟಿಯನ್ನು ತೆರೆದು ನೋಡಿದರೆ ಅದರಲ್ಲಿ ಜೂಜಿನ ತಾಣಗಳು, ಕೂದಲೆಣ್ಣೆ ಮಾರುವ ತಾಣಗಳು, ಯಾವ ಭಾಷೆಯೆಂದೇ ಗೊತ್ತಾಗದ ಪುಟಗಳು ಇದ್ದವು. ಎರಡು ತಿಂಗಳು ಕಾದರೂ ಶ್ರೇಯಾಂಕ ಒಂದಿಂಚೂ ಕದಲಲಿಲ್ಲ. ಅವೆಲ್ಲವನ್ನೂ ಡಿಸಾವೋ ಮಾಡಬೇಕೆಂದು, ಅಂದರೆ ಲೆಕ್ಕಕ್ಕೆ ಹಿಡಿಯಬೇಡವೆಂದು ಗೂಗಲ್‌ಗೆ ತಿಳಿಸಬೇಕೆಂದು ಕೆಲವರು ಹೆದರಿಸಿದರು. ಗೂಗಲ್ ದಂಡನೆಯನ್ನು ತಿಳಿಸುವ ಮ್ಯಾನುವಲ್ ಆಕ್ಷನ್ ವಿಭಾಗದಲ್ಲಿ ಯಾವ ನೋಟಿಸೂ ಇಲ್ಲದ್ದರಿಂದ ನಾನು ಅದಕ್ಕೆ ಕೈಹಾಕಲಿಲ್ಲ, ಇಂದಿನವರೆಗೂ ಏನೂ ತೊಂದರೆಯಾಗಿಲ್ಲ. ಆರು ಸಾವಿರ ಮಾತ್ರ ಹೋಯಿತು.

ಹಣ ಹೋದದ್ದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿದೆ. ಸೆಪ್ಟೆಂಬರಿನಲ್ಲಿ ವರ್ಡ್‌ಪ್ರೆಸ್ ತಾಣದ ವಿನ್ಯಾಸ ಬದಲಿಸುವಾಗ, ಕೆಲಸ ಮುಗಿಯುವವರೆಗೆ ಯಾರಿಗೂ ಕಾಣದಿರಲಿ ಎಂದು ರೀಡಿಂಗ್ ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಎಂಜಿನ್‌ಗಳನ್ನು ದೂರವಿಡುವ ಆ ಒಂದು ಟಿಕ್ ಹಾಕಿದ್ದೆ. ತೆಗೆಯಲು ಮರೆತೆ. ಸುಮಾರು ಹತ್ತೊಂಬತ್ತು ದಿನ ಪುಟಗಳು ಒಂದೊಂದಾಗಿ ಗೂಗಲ್‌ನಿಂದ ಮಾಯವಾಗುತ್ತಿದ್ದರೆ, ನಾನು ಮಾತ್ರ ಗೂಗಲ್ ಅಲ್ಗಾರಿದಂ ಬದಲಾಗಿದೆಯೆಂದು ಹೋಂಸ್ಟೇಯ ಯಜಮಾನರಿಗೆ ವಿವರಿಸುತ್ತಿದ್ದೆ. ಸರ್ಚ್ ಕನ್ಸೋಲ್‌ನಲ್ಲಿ ಪುಟದ ವಿಳಾಸ ಪರೀಕ್ಷಿಸುವ ಯುಆರ್‌ಎಲ್ ಇನ್‌ಸ್ಪೆಕ್ಷನ್ ಮಾಡಿದಾಗ ಮೊದಲ ಸಾಲಿನಲ್ಲಿಯೇ ನೋಇಂಡೆಕ್ಸ್ (ಹುಡುಕಾಟಕ್ಕೆ ಸೇರಿಸಬೇಡ) ಎಂದು ಬಂತು. ಟಿಕ್ ತೆಗೆದು, ತಾಣದ ಕ್ಯಾಶ್ (ಉಳಿಸಿಟ್ಟ ಹಳೆಯ ಪ್ರತಿ) ಖಾಲಿ ಮಾಡಿ, ಸೈಟ್‌ಮ್ಯಾಪ್ (ಪುಟಗಳ ಪಟ್ಟಿ) ಮತ್ತೆ ಸಲ್ಲಿಸಿದ ಮೇಲೆ ಮುಖ್ಯ ಪುಟಗಳು ವಾರದೊಳಗೆ ಮರಳಿದವು, ಉಳಿದವು ತಿಂಗಳು ತೆಗೆದುಕೊಂಡವು.

ದಾರಿ ಸಿಕ್ಕಿದ್ದು ಕಚೇರಿಯಲ್ಲಿ ಅಲ್ಲ, ಕೈಮರದಾಚೆಯ ಹೋಂಸ್ಟೇಯಲ್ಲಿ ಫೋನ್ ಎತ್ತುತ್ತಿದ್ದ ಅಕ್ಕನ ಬಳಿ. ಫೋಟೊ ತೆಗೆಯಲು ಹೋಗಿದ್ದ ದಿನ, ಅರ್ಧ ಗಂಟೆಯಲ್ಲಿ ಮೂವರು ಬೇರೆ ಬೇರೆ ಜನರಿಗೆ "ಇಂಬಳ ಇದಾವೆ ಸರ್, ಉಪ್ಪು ಇಟ್ಕೊಂಡಿರ್ತೀವಿ" ಎಂದು ಅವರು ಅದೇ ಉತ್ತರ ಕೊಡುವುದನ್ನು ಕೇಳಿದೆ. ಇಂಬಳದ, ಅಂದರೆ ರಕ್ತ ಹೀರುವ ಜಿಗಣೆಯ ಬಗ್ಗೆ ನಮ್ಮ ತಾಣದಲ್ಲಿ ಒಂದು ಸಾಲೂ ಇರಲಿಲ್ಲ. ಫೋನಿನ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು, ಕರೆ ಮಾಡಿದವರು ಕೇಳುವ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಬರೆದಿಡಬೇಕೆಂದು ಅಕ್ಕನನ್ನು ಕೇಳಿಕೊಂಡೆ. ಮೂರು ವಾರಗಳಲ್ಲಿ ನೂರನಲವತ್ತರಷ್ಟು ಪ್ರಶ್ನೆಗಳು ಸೇರಿದವು. ತಗ್ಗಾದ ಕಾರು ತೋಟದೊಳಗಿನ ದಾರಿಯಲ್ಲಿ ಬರುತ್ತದೆಯೇ, ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ನಸುಕಿಗೇ ಇಳಿದರೆ ಕೋಣೆ ಸಿಗುತ್ತದೆಯೇ, ಝರಿ ಜಲಪಾತದ ಜೀಪಿಗೆ ಎಲ್ಲಿ ಹತ್ತಬೇಕು, ರೈಲಿನವರು ಕಡೂರಿನಲ್ಲಿ ಇಳಿಯುವುದು ಒಳ್ಳೆಯದೋ ಬೀರೂರಿನಲ್ಲೋ ಎಂಬಂಥ ಪ್ರಶ್ನೆಗಳೇ ಮರುಕಳಿಸುತ್ತಿದ್ದವು.

ಈ ನೋಟ್‌ಬುಕ್ಕನ್ನು ಒಂದು ಪಕ್ಕದಲ್ಲಿ, ಸರ್ಚ್ ಕನ್ಸೋಲ್‌ನ ಕ್ವೆರಿ (ಜನ ಹುಡುಕಿದ ಮಾತುಗಳ) ಪಟ್ಟಿಯನ್ನು ಇನ್ನೊಂದು ಪಕ್ಕದಲ್ಲಿ ಇಟ್ಟುಕೊಂಡು, ಸರಾಸರಿ ಸ್ಥಾನ 8ರಿಂದ 20ರ ನಡುವೆ ಇರುವ, ಇಂಪ್ರೆಷನ್ ಬಂದರೂ ಕ್ಲಿಕ್ ಬಾರದ ಕ್ವೆರಿಗಳನ್ನು ಮಾತ್ರ ಆರಿಸಿದೆ. ಎರಡರಲ್ಲಿಯೂ ಇರುವ ಪ್ರಶ್ನೆಗಳು ಹನ್ನೊಂದು ಸಿಕ್ಕವು. ಹಳೆಯ ಲೇಖನಗಳಲ್ಲಿ ಐದನ್ನು ಅಳಿಸಿ, ಅವುಗಳ ವಿಳಾಸಗಳನ್ನು ಹೊಸ ಪುಟಗಳಿಗೆ 301 ಮಾಡಿ (ಶಾಶ್ವತವಾಗಿ ತಿರುಗಿಸಿ), ಒಂದು ಪ್ರಶ್ನೆಗೆ ಒಂದು ಪುಟ ಎಂಬ ಲೆಕ್ಕದಲ್ಲಿ ನಾನೂರು–ಐನೂರು ಪದಗಳಲ್ಲಿ ಬರೆದೆ. ಉತ್ತರ ಮೊದಲ ಎರಡು ಸಾಲಿನಲ್ಲಿಯೇ ಇರುವಂತೆ ನೋಡಿಕೊಂಡೆ. "ಇಂಬಳ ಇದೆ ಅಂತ ನಾವೇ ಬರೆದರೆ ಯಾರಮ್ಮ ಬರ್ತಾರೆ?" ಎಂದು ಯಜಮಾನರು ಕೋಪಿಸಿಕೊಂಡರು. ಆ ಪುಟವೇ ಮೊದಲು ಮೂರನೆಯ ಸ್ಥಾನಕ್ಕೆ ಏರಿತು. ಹನ್ನೊಂದರ ಪೂರ್ತಿ ಪಟ್ಟಿಯನ್ನು ಇಲ್ಲಿ ಕೊಡುವುದಿಲ್ಲ. ಈಗಲೂ ಅದರ ಮೇಲೆಯೇ ಕೆಲಸ ನಡೆದಿದೆ.

ಊರಿನ ಹೆಸರಿನದು ಬೇರೆಯೇ ಪ್ರಯೋಗ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಣೆಗೆ ಹೊಂದುವಂತೆ ಬದಲಾದಾಗ ನಮ್ಮೂರೂ ಅವುಗಳಲ್ಲಿ ಒಂದಾಗಿತ್ತು, ಆದರೆ ಹೊರಗಿನವರ ಬೆರಳುಗಳು Chikkamagaluru ಬಿಟ್ಟು ಇನ್ನೂ Chikmagalur ಎಂಬ ಹಳೆಯ ಕಾಗುಣಿತವನ್ನೇ ಒತ್ತುತ್ತವೆ. ನಮ್ಮ ಖಾತೆಯಲ್ಲಿ ಹಳೆಯ ಕಾಗುಣಿತಕ್ಕೆ ಬಂದ ಇಂಪ್ರೆಷನ್‌ಗಳು ಹೊಸದರ ಐದಾರು ಪಟ್ಟು ಇದ್ದವು. ಟೈಟಲ್‌ನಲ್ಲಿ ಹಳೆಯದನ್ನು, ಒಳಗಿನ ಬರಹದಲ್ಲಿ ಹೊಸದನ್ನು ಬಳಸಿದೆ. ಮನಸ್ಸಿಗೆ ಸ್ವಲ್ಪ ಕಸಿವಿಸಿಯಾದರೂ ಕ್ಲಿಕ್ ಹೆಚ್ಚಿದವು. ಪೂರ್ತಿ ಕನ್ನಡದಲ್ಲಿ ಒಂದು ಪುಟವನ್ನೂ ಮಾಡಿ ನೋಡಿದೆ. ಅದಕ್ಕೆ ತಿಂಗಳಿಗೆ ನಲವತ್ತು ಜನರೂ ಬರುವುದಿಲ್ಲ, ಆದರೆ ಬಂದವರಲ್ಲಿ ಮೂವರು ಮೊದಲ ತಿಂಗಳಲ್ಲಿಯೇ ಕೋಣೆ ಹಿಡಿದರು. ಆ ಅನುಪಾತ ನನ್ನ ಬೇರೆ ಯಾವ ಪುಟಕ್ಕೂ ಬಂದಿಲ್ಲ.

ವೇಗದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಕ್ಯಾಮೆರಾದಿಂದ ನೇರವಾಗಿ ಏರಿಸಿದ್ದ ಆರು ಎಂಬಿಯ ಫೋಟೊಗಳನ್ನು ವೆಬ್‌ಪಿ ಎಂಬ ಹಗುರ ರೂಪಕ್ಕೆ ಬದಲಿಸಿದ್ದರಿಂದಲೇ ಎಲ್‌ಸಿಪಿ (ಪುಟದ ಅತಿ ದೊಡ್ಡ ಭಾಗ ಕಾಣಿಸಲು ಹಿಡಿಯುವ ಸಮಯ) ಏಳು ಸೆಕೆಂಡಿನ ಆಸುಪಾಸಿನಿಂದ ಗೂಗಲ್ ಹೇಳುವ 2.5 ಸೆಕೆಂಡಿನ ಮಿತಿಯೊಳಕ್ಕೆ ಇಳಿಯಿತು. ಇದಕ್ಕಿಂತ ದೊಡ್ಡ ಲಾಭ ಬಂದದ್ದು ಮ್ಯಾಪ್ಸ್‌ನಿಂದ. ಹೋಂಸ್ಟೇಯ ಪಿನ್ ಕಣಿವೆಯ ಆಚೆ ಬದಿಗೆ ಬಿದ್ದಿತ್ತು, ಅತಿಥಿಗಳು ಬೇರೆಯವರ ತೋಟದ ಗೇಟಿನ ಮುಂದೆ ಹಾರ್ನ್ ಹೊಡೆಯುತ್ತಿದ್ದರು. ಪಿನ್ ಸರಿಪಡಿಸಿ, ಊಟದ ಮೇಜಿನ ಮೇಲೆ ರಿವ್ಯೂಗಾಗಿ ಕ್ಯೂಆರ್ ಕಾರ್ಡ್ ಇಟ್ಟೆವು. ರಿಯಾಯಿತಿಯ ಆಸೆ ತೋರಿಸಿ ರಿವ್ಯೂ ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ, ನಾವು ಅದನ್ನು ಮಾಡಲಿಲ್ಲ. ಕಾರ್ಡಿನ ಮೇಲೆ ಬರೆದಿರುವ ಒಂದು ಸಾಲು ಏನೆಂಬುದನ್ನು ಮಾತ್ರ ಕೇಳಬೇಡಿ.

ಜನವರಿಯ ಹೊತ್ತಿಗೆ ತಿಂಗಳಿಗೆ ನಾಲ್ಕೈದು ಇದ್ದ ನೇರ ಬುಕಿಂಗ್ ಇಪ್ಪತ್ತನ್ನು ದಾಟಿತ್ತು. ಒಂದು ಬುಕಿಂಗ್‌ಗೆ ಸರಾಸರಿ ಆರು ಸಾವಿರ, ಅದರ ಮೇಲೆ ಬುಕಿಂಗ್ ತಾಣಗಳಿಗೆ ಹೋಗುತ್ತಿದ್ದ ಶೇ 18ರಷ್ಟು ಕಮಿಷನ್ ಎಂದು ಹಿಡಿದರೂ ಯಜಮಾನರಿಗೆ ತಿಂಗಳಿಗೆ ಇಪ್ಪತ್ತೆರಡು ಸಾವಿರದಷ್ಟು ಉಳಿಯುತ್ತಿತ್ತು. ಲೆಕ್ಕದ ಹಾಳೆಯನ್ನು ಎರಡು ಸಲ ತಿರುವಿ ನೋಡಿ ಅವರು, "ಆ ಇಂಬಳದ ಪುಟ ತೆಗೀಬೇಡ" ಎಂದಷ್ಟೇ ಹೇಳಿದರು. ಮುಂದಿನ ತಿಂಗಳಿನಿಂದ ನನ್ನ ಸ್ಟೈಪೆಂಡ್ 12,000 ಆಯಿತು.

ಸೋತ ಪ್ರಯೋಗವೂ ಒಂದು ಉಳಿದಿದೆ. ಕಾಫಿ ಹೂವರಳಿಸುವ ಬೇಸಿಗೆಯ ಮಳೆ, ಅಂದರೆ ಹೂಮಳೆ ಬಿದ್ದು ಎಂಟು–ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದೆ, ಮೂರ್ನಾಲ್ಕು ದಿನದಲ್ಲಿ ಹೂವು ಬಾಡುತ್ತದೆ. ಹುಡುಕುವವರೂ ಅಷ್ಟೇ ದಿನ ಹುಡುಕುತ್ತಾರೆ. ಮಾರ್ಚಿನಲ್ಲಿ ಮಳೆ ಬಿದ್ದ ಮೇಲೆ ನಾನು ಪುಟ ಏರಿಸಿದೆ. ಅದು ಇಂಡೆಕ್ಸ್ ಆಗಿ (ಗೂಗಲ್‌ನ ಪಟ್ಟಿಗೆ ಸೇರಿ) 14ನೆಯ ಸ್ಥಾನಕ್ಕೆ ಬರುವಷ್ಟರಲ್ಲಿ ಗಿಡದಲ್ಲಿ ಹೂವಿರಲಿಲ್ಲ. ಈ ಸಲ ಅದೇ ವಿಳಾಸವನ್ನು ಉಳಿಸಿಕೊಂಡು, ಡಿಸೆಂಬರ್ ಕೊಯ್ಲಿನ ಹೊತ್ತಿಗೇ ಪುಟವನ್ನು ಹೊಸದು ಮಾಡುತ್ತೇನೆ. ಮಳೆಯ ಸುದ್ದಿ ತಿಳಿಸಲು ಅಕ್ಕನ ನಂಬರ್ ಇದೆ.