ದಿನಾ ತುಮಕೂರು–ಬೆಂಗಳೂರು ಓಡಾಟಕ್ಕೆ ಯಾವ ಕಾರು?
ಕಾರು ನೋಡುವ ಮೊದಲು ಒಂದು ಲೆಕ್ಕ ಹಾಕಿ. ಹೋಗಿಬರಲು ಸುಮಾರು 140 ಕಿ.ಮೀ. ತಿಂಗಳಿಗೆ 25 ದಿನ ಅಂದರೆ 3,500. ಮೂರೇ ತಿಂಗಳಿಗೆ 10,000 ದಾಟಿ ಸರ್ವಿಸ್‌ ಬಂದುಬಿಡುತ್ತದೆ, ಅಲ್ವಾ? ಅದಕ್ಕೇ ಊರಲ್ಲೇ ಸರ್ವಿಸ್ ಸೆಂಟರ್ ಇರುವ, ಪಾರ್ಟ್ಸ್ ಸುಲಭವಾಗಿ ಸಿಗುವ ಗಾಡಿ ನೋಡಿ. ವ್ಯಾಗನ್ ಆರ್, ಸ್ವಿಫ್ಟ್ ಥರದ್ದು ಧಾರಾಳ ಸಾಕು. ಸನ್‌ರೂಫ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ.

ಸಿಎನ್‌ಜಿಯಲ್ಲಿ ಖರ್ಚು ಕಡಿಮೆ. ಆದರೆ ಇಂಥ ಗಾಡಿಗಳಲ್ಲಿ ಡಿಕ್ಕಿ ತುಂಬಾ ಸಿಲಿಂಡರೇ ಕೂತಿರುತ್ತದೆ. ಬಂಕಿನ ಕ್ಯೂ ಎಷ್ಟಿರುತ್ತದೆ ಅಂತ ಬೆಳಿಗ್ಗೆ ಒಮ್ಮೆ ಹೋಗಿ ನೋಡಿಬನ್ನಿ.

ನೆಲಮಂಗಲದಿಂದ ಗೊರಗುಂಟೆಪಾಳ್ಯದವರೆಗೆ ಕ್ಲಚ್ ಒತ್ತಿ ಒತ್ತಿ ನನ್ನ ಎಡಮಂಡಿ ಹಿಡಿದುಕೊಂಡಿತ್ತು. ಈಗ ಕ್ಲಚ್ಚೇ ಇಲ್ಲದ, ಗೇರ್ ತಾನೇ ಬದಲಾಗುವ ಎಎಂಟಿ ಗಾಡಿಗೆ ಬಂದಿದ್ದೇನೆ. ಟೆಸ್ಟ್ ಡ್ರೈವನ್ನು ಹತ್ತು ನಿಮಿಷಕ್ಕೆ ಮುಗಿಸಬೇಡಿ. ಒಂದು ಗಂಟೆ ಕೂತು ಓಡಿಸಿ, ಸೀಟು ಹೇಗಿದೆ ಅಂತ ಸೊಂಟವೇ ಹೇಳುತ್ತದೆ.